ಮುನ್ನೂರು ಹೆಜ್ಜೆ ದೂರ

ಆಗಸ್ಟ್ 25, ಭಾನುವಾರ

ಮೂರು ದಿನದ ಕವಾಯತು ಮುಗಿಯಿತು. ಬೂಟು ಬಿಚ್ಚಿ ಒಲೆಯ ಪಕ್ಕ ಒಣಗಲು ಇಟ್ಟಿದ್ದೇನೆ. ಬೆನ್ನು ನೋವು, ವಯಸ್ಸು ಐವತ್ತಮೂರು. ಹದಿನಾರು ವರ್ಷದಿಂದ ಇದೇ ಪಾಡು: ವಾರವಿಡೀ ಟಪಾಲು ವ್ಯಾನು, ಭಾನುವಾರ ಮೀಸಲು ಪಡೆಯ ಸಮವಸ್ತ್ರ. ಯಾಕೆ ಎಂದು ಯಾರಾದರೂ ಕೇಳಿದರೆ ದೇಶಕ್ಕಾಗಿ ಎನ್ನುತ್ತೇನೆ. ನಿಜ ಹೇಳಬೇಕೆಂದರೆ ಭಾನುವಾರದ ಬಟಾಣಿ ಸೂಪಿಗಾಗಿ. ಮೂವತ್ತು ಜನ ಒಂದೇ ಹಂಡೆಯಿಂದ ಬಡಿಸಿಕೊಂಡು ಉಣ್ಣುತ್ತೇವೆ, "ಗ್ರಾಜಿನಾ ಅಕ್ಕಾ, ಉಪ್ಪೆಲ್ಲಿ?" ಎಂದು ಯಾರಾದರೂ ಕೂಗುತ್ತಾರೆ. ಮನೆಯಲ್ಲಿ ನನ್ನನ್ನು ಉಪ್ಪು ಕೇಳುವವರು ಯಾರಿದ್ದಾರೆ?

ನಿನ್ನೆ ಒಂದು ಅನಾಹುತವಾಯಿತು. ಬರೆದುಬಿಡುತ್ತೇನೆ, ಇದನ್ನು ಓದುವವರೂ ಇಲ್ಲ.

ಗುಡ್ಡದ ಮೇಲಿನ ವೈರ್‌ಲೆಸ್ ಸೆಟ್ಟು ಕಾಯುವುದು ನನ್ನ ಕೆಲಸ. ಮೂರು ಗಂಟೆ, ಒಬ್ಬಳೇ. ಕವಾಯತಿನಲ್ಲಿ ಎಲ್ಲರ ಮೊಬೈಲನ್ನೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ, ಹಾಗಾಗಿ ಯಾವ ಸುದ್ದಿಯಾದರೂ ನನ್ನ ಸೆಟ್ಟಿನ ಮೂಲಕವೇ ಹೋಗಬೇಕು. ಆ ಗುಡ್ಡವನ್ನು ಆರಿಸಿದ್ದು ಕ್ಯಾಪ್ಟನ್ ರಿಮ್ವಿದಾಸ್, ನಾನಲ್ಲ. ಅಲ್ಲಿಂದ ಮುನ್ನೂರು ಹೆಜ್ಜೆಗೆ ನನ್ನ ಅಮ್ಮನ ಅಣಬೆ ಜಾಗ ಇದೆ ಎಂದು ಅವನಿಗೇನು ಗೊತ್ತು?

ಅಮ್ಮ ಏಪ್ರಿಲ್‌ನಲ್ಲಿ ತೀರಿಕೊಂಡಳು. ಆ ಜಾಗವನ್ನು ಅವಳಿಗೆ ಅವಳ ಅಮ್ಮ ತೋರಿಸಿದ್ದು, ನನಗೆ ಹನ್ನೊಂದನೇ ವರ್ಷದಲ್ಲಿ ಅವಳು ತೋರಿಸಿದ್ದು. "ಗಂಡನಿಗೂ ಹೇಳ್ಬೇಡ, ಪಾದ್ರಿಗೂ ಹೇಳ್ಬೇಡ" ಎಂದು ಆಣೆ ಹಾಕಿಸಿಕೊಂಡಿದ್ದಳು. ಗಂಡನಿಗೆ ಹೇಳಲಿಲ್ಲ; ಬಿಟ್ಟುಹೋಗುವಾಗ ಅವನು ಅದನ್ನೂ ಒಂದು ದೂರಾಗಿ ಸೇರಿಸಿದ. ನಮ್ಮ ದ್ಜೂಕಿಯ ಎಂಬ ಈ ಕಾಡುಸೀಮೆಯಲ್ಲಿ ಮನೆಯ ಬೀಗದ ಕೈಯನ್ನು ನೆರೆಯವರಿಗೆ ಕೊಟ್ಟುಹೋಗುತ್ತೇವೆ, ಅಣಬೆ ಜಾಗವನ್ನು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ಗುರುವಾರ ಮಳೆ, ಶುಕ್ರವಾರ ಬಿಸಿಲು. ಶನಿವಾರ ಬರವೀಕಾಸ್ ಅಣಬೆ ಎದ್ದಿರಲೇಬೇಕು, ಕಂದು ಟೋಪಿ, ಗುಂಡನೆಯ ಬಿಳಿ ಕಾಲು. ಹತ್ತು ನಿಮಿಷ ಎಂದುಕೊಂಡು ಹೋದೆ. ಗ್ಯಾಸ್ ಮಾಸ್ಕನ್ನು ಸೆಟ್ಟಿನ ಪಕ್ಕ ತೆಗೆದಿಟ್ಟು ಅದರ ಚೀಲವನ್ನು ಹೆಗಲಿಗೆ ಹಾಕಿಕೊಂಡೆ. ಅಮ್ಮ ಇಲ್ಲದ ಮೊದಲ ವರ್ಷ. ಚೀಲ ತುಂಬಿದ ಮೇಲೂ ಪಾಚಿಯ ಮೇಲೆ ಕುಳಿತು ಅತ್ತೆ. ಹಿಂದಿರುಗುವಷ್ಟರಲ್ಲಿ ನಲವತ್ತು ನಿಮಿಷವಾಗಿತ್ತು.

ಆ ನಲವತ್ತು ನಿಮಿಷವೂ ನಮ್ಮ ಪಡೆಯ ವೈದೋತಾಸ್ ನನ್ನನ್ನು ಸೆಟ್ಟಿನಲ್ಲಿ ಕೂಗುತ್ತಿದ್ದನಂತೆ. ಯುದ್ಧಕಾಲದ ಹಳೆಯ ಗುಂಡಿಯೊಂದಕ್ಕೆ ಬಿದ್ದು ಕಾಲು ಮುರಿದುಕೊಂಡಿದ್ದ. ಕ್ಯಾಪ್ಟನ್ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದು, "ಯಾಕೆ ಉತ್ತರ ಕೊಡ್ಲಿಲ್ಲ?" ಎಂದ. "ಬ್ಯಾಟರಿ ಸತ್ತಿತ್ತು, ಈಗಷ್ಟೇ ಬದಲಾಯಿಸ್ದೆ" ಎಂದೆ. ಮಾತು ತಾನಾಗಿ ಬಾಯಿಂದ ಬಂತು. ಆ ಬ್ಯಾಟರಿಗಳು ಹೇಗಿದ್ದರೂ ಹಳೆಯವು. ಇದರಿಂದ ಯಾರಿಗೂ ಏನೂ ಆಗುವುದಿಲ್ಲ.

ಅಣಬೆಗಳನ್ನು ಹೆಚ್ಚಿ ದಾರಕ್ಕೆ ಪೋಣಿಸಿ ಒಲೆಯ ಮೇಲೆ ಕಟ್ಟಿದ್ದೇನೆ. ಮನೆಯೆಲ್ಲ ಅದೇ ವಾಸನೆ.

ಆಗಸ್ಟ್ 30, ಶುಕ್ರವಾರ

ಟಪಾಲು ಬೇಗ ಮುಗಿಸಿ ವೈದೋತಾಸ್‌ನನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಕಾಲಿಗೆ ಎರಡು ಕಡೆ ಸಲಾಕೆ ಹಾಕಿದ್ದಾರೆ. ಮರಗೆಲಸದವನು, ಚಳಿಗಾಲವಿಡೀ ಕೆಲಸವಿಲ್ಲ. ಆದರೂ ಅವನ ಬಾಯಿಗೆ ಬಿಡುವಿಲ್ಲ.

"ಬಾ ಅಕ್ಕಾ. ಗುಂಡೀಲಿ ನಾನೊಬ್ನೇ ಇರ್ಲಿಲ್ಲ ಗೊತ್ತಾ, ಇರುವೆ ಗೂಡಿತ್ತು. ಕಾಲು ಮುರಿದಿದ್ದಕ್ಕಿಂತ ಅದ್ರ ಕಾಟಾನೇ ಜಾಸ್ತಿ. 'ಗುಡ್ಡ, ಗುಡ್ಡ, ಉತ್ತರ ಕೊಡು' ಅಂತ ಎಷ್ಟು ಕೂಗಿದ್ದೀನಂದ್ರೆ ಇರುವೆಗಳಿಗೂ ಬಾಯಿಪಾಠ ಆಗಿರ್ಬೇಕು."

ನಕ್ಕೆ. ಸೇಬು ಸುಲಿದು ಕೊಟ್ಟೆ.

"ಪಾಪ, ಆ ಜೆನೋನಾಸ್‌ನ ಗ್ರಹಚಾರ ಕೆಟ್ಟಿತು ಬಿಡು" ಎಂದ. "ಬ್ಯಾಟರಿ ಉಸ್ತುವಾರಿ ಅವ್ನದ್ದಲ್ವಾ? ವಿಚಾರಣೆ ಇಡ್ತಾರಂತೆ."

ಜೆನೋನಾಸ್ ಒಬ್ಬ ಶುದ್ಧ ತಲೆನೋವು. ಒಂದು ಬ್ಯಾಟರಿ ಕೊಡಬೇಕಾದರೆ ಮೂರು ಕಡೆ ಸಹಿ ಹಾಕಿಸುತ್ತಾನೆ. ಬೈದರೆ ಬೈಸಿಕೊಳ್ಳಲಿ, ಅವನ ಚರ್ಮ ದಪ್ಪ. ಎರಡು ದಿನದಲ್ಲಿ ಎಲ್ಲರೂ ಮರೆಯುತ್ತಾರೆ.

ಸೆಪ್ಟೆಂಬರ್ 8, ಭಾನುವಾರ

ಮರೆಯಲಿಲ್ಲ. ಇವತ್ತು ಕವಾಯತು ಬಿಟ್ಟು ಇದೇ ಮಾತು. ಜೆನೋನಾಸ್ ತನ್ನ ಬ್ಯಾಟರಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಜೋಡಿಸಿ ನಿಂತಿದ್ದ. ಪ್ರತಿಯೊಂದರ ಮೇಲೂ ಕೆಂಪು ಉಗುರುಬಣ್ಣದಲ್ಲಿ ಸಂಖ್ಯೆ. ಹೆಂಡತಿ ತೇಕ್ಲೆ ತೀರಿಕೊಂಡಾಗ ಅವಳ ಕಪಾಟಿನಲ್ಲಿ ಉಳಿದಿದ್ದ ಸೀಸೆಗಳಂತೆ; ಎಸೆಯಲು ಮನಸ್ಸು ಬಾರದೆ ಇದಕ್ಕೆ ಬಳಸುತ್ತಾನೆ.

"ಹದಿನಾಲ್ಕನೇದು, ಗುಡ್ಡದ ಸೆಟ್ಟಿಗೆ ಕೊಟ್ಟಿದ್ದು. ಶುಕ್ರವಾರ ರಾತ್ರಿ ಪೂರ್ತಿ ಚಾರ್ಜಿಗೆ ಹಾಕಿದ್ದೆ. ಪುಸ್ತಕದಲ್ಲಿದೆ, ನೋಡಿ" ಎಂದು ಎಲ್ಲರಿಗೂ ತೋರಿಸಿದ.

"ಪ್ಲಗ್ಗು ಗೋಡೆಗೆ ಚುಚ್ಚಿದ್ರಾ, ಇಲ್ಲ ಪುಸ್ತಕಕ್ಕೆ ಚುಚ್ಚಿದ್ರಾ?" ಎಂದು ಯಾರೋ ಹಿಂದಿನಿಂದ ಕಿಚಾಯಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ಕಾಣುತ್ತದೆ.

ಬೆಳಗ್ಗೆ ಅವನು "ಹಾಕಿದ್ದೆ" ಎನ್ನುತ್ತಿದ್ದ. ಮಧ್ಯಾಹ್ನ ಸೂಪಿನ ಹೊತ್ತಿಗೆ "ಹಾಕಿದ ನೆನಪು" ಎಂದ. ಹೊರಡುವಾಗ ಪುಸ್ತಕ ತೆರೆದು ಆ ಸಾಲನ್ನು ತಾನೇ ಮತ್ತೆ ಮತ್ತೆ ಓದುತ್ತಿದ್ದ. ಬರುವ ವಸಂತಕ್ಕೆ ಅರವತ್ತು ತುಂಬುತ್ತದೆ, ಪದಕ ಕೊಟ್ಟು ಬೀಳ್ಕೊಡುವುದಿತ್ತು. ಈಗ ಆರೋಪ ಸಾಬೀತಾದರೆ ಕರ್ತವ್ಯಲೋಪ, ದುರ್ನಡತೆ ಎಂದು ಬರೆದು ಪಡೆಯಿಂದ ತೆಗೆದುಹಾಕುತ್ತಾರೆ. ಸೂಪು ಇವತ್ತು ಉಪ್ಪಾಗಿತ್ತು, ಅರ್ಧ ಬಿಟ್ಟೆ.

ಸೆಪ್ಟೆಂಬರ್ 12, ಗುರುವಾರ

ಜೆನೋನಾಸ್‌ಗೆ ಒಂದು ಬಿಲ್ಲು, ಒಂದು ಪತ್ರಿಕೆ ಇತ್ತು. ಪೆಟ್ಟಿಗೆಗೆ ಹಾಕಿ ಹೊರಟುಬಿಡೋಣ ಎನ್ನುವಷ್ಟರಲ್ಲಿ ಬಾಗಿಲು ತೆರೆಯಿತು.

"ಕಾಫಿ ಕುಡ್ದು ಹೋಗಮ್ಮ. ಟಪಾಲೇನು ಓಡ್ಹೋಗಲ್ಲ."

ಕುಳಿತೆ. ಬಾಣಲೆಯಲ್ಲಿ ಆಲೂಗಡ್ಡೆ, ಹುಳಿಕೆನೆ ಹಾಕಿದ ಅಣಬೆ. ನನ್ನ ಕಣ್ಣು ಅತ್ತ ಹೋದದ್ದನ್ನು ಅವನು ನೋಡಿದ.

"ಸಂತೇಲಿ ಕೊಂಡಿದ್ದು. ನಗ್ಬೇಡ. ಮೂವತ್ತೊಂದು ವರ್ಷದಿಂದ ಇಲ್ಲಿದ್ದೀನಿ, ಈ ಊರಲ್ಲಿ ಅಣಬೆ ಕೊಂಡು ತಿನ್ನೋನು ನಾನೊಬ್ನೇ. ಸಮುದ್ರದ ಕಡೆಯೋನಿಗೆ ಕಾಡಲ್ಲಿ ಜಾಗ ಯಾರು ಕೊಡ್ತಾರೆ? ತೇಕ್ಲೆ ಬುಟ್ಟಿಗಟ್ಲೆ ತರೋಳು. ಎಲ್ಲಿಂದ ಅಂದ್ರೆ ಕಾಡಿಂದ ಅನ್ನೋಳು. ಕೊನೇ ದಿನ ಕೈ ಹಿಡ್ಕೊಂಡು ಕೇಳ್ದೆ, ಈಗ್ಲಾದ್ರೂ ಹೇಳೇ ಅಂತ. ನಕ್ಕಳು ಅಷ್ಟೆ. ಹಾಗೇ ಹೋದ್ಲು."

"ಹೇಳ್ಬಾರ್ದು" ಎಂದೆ.

ಆಮೇಲೆ ಅವನು ಕಪ್ಪನ್ನು ತಟ್ಟೆಯ ಮೇಲೆ ತಿರುಗಿಸುತ್ತ ಹೇಳಿದ್ದನ್ನು ಬರೆಯುವುದು ಕಷ್ಟ. ಮಂಗಳವಾರ ಡಾಕ್ಟರ ಹತ್ತಿರ ಹೋಗಿದ್ದನಂತೆ.

"ನನ್ನಣ್ಣನಿಗೂ ಹೀಗೇ ಶುರುವಾಗಿದ್ದು. ಒಲೆ ಆರಿಸಿದ್ದೀನಿ ಅನ್ನೋನು, ಆರಿಸಿರ್ತಿರ್ಲಿಲ್ಲ. ಕೊನೆಗೆ ಅವ್ನ ಹೆಸ್ರೇ ಅವ್ನಿಗೆ ಗೊತ್ತಿರ್ಲಿಲ್ಲ. ನೆನಪಿನ ಪರೀಕ್ಷೆಗೆ ಅಂತ ಡಾಕ್ಟ್ರು ಒಂದು ಗಡಿಯಾರ ಬರೀರಿ ಅಂದ್ರು. ಬರೆದೆ. ಮುಳ್ಳನ್ನ ಎರಡು ಸಲ ಅಳಿಸಿ ಬರೆದೆ. ಹದಿನಾಲ್ಕನೇ ಬ್ಯಾಟರಿ ಚಾರ್ಜಿಗೆ ಹಾಕಿದ್ದು ನಂಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ ಗ್ರಾಜಿನಾ. ಆದ್ರೆ ನೀನು ಸತ್ತಿತ್ತು ಅಂತೀಯ. ನೀನ್ಯಾಕೆ ಸುಳ್ಳು ಹೇಳ್ತೀಯ? ಅಂದ್ಮೇಲೆ ಕೆಟ್ಟಿರೋದು ನನ್ನ ತಲೇನೇ."

ಕಾಫಿ ಚೆನ್ನಾಗಿತ್ತು ಎಂದು ಹೇಳಿ ಎದ್ದು ಬಂದೆ.

ಸೆಪ್ಟೆಂಬರ್ 13, ಶುಕ್ರವಾರ

ಅಣಬೆ ಒಣಗಿದೆ. ಡಬ್ಬಿಗೆ ತುಂಬಲಿಲ್ಲ. ಒಲೆಯ ಮೇಲೆ ಹಾಗೇ ತೂಗುತ್ತಿದೆ.

ಸೆಪ್ಟೆಂಬರ್ 20, ಶುಕ್ರವಾರ

ವ್ಯಾನು ನಿಲ್ಲಿಸುವುದನ್ನೇ ಕಾದು ಜೆನೋನಾಸ್ ಬೇಲಿಯ ಹತ್ತಿರ ನಿಂತಿದ್ದರು. ಒಂದು ಲಕೋಟೆ ಕೊಟ್ಟು "ರಿಜಿಸ್ಟರ್ ಮಾಡು" ಎಂದರು. ಕ್ಯಾಪ್ಟನ್ ಹೆಸರಿಗೆ.

"ಏನಿದು?"

"ತಪ್ಪೊಪ್ಪಿಗೆ. ಚಾರ್ಜಿಗೆ ಹಾಕೋದು ಮರ್ತೆ ಅಂತ ಬರೆದಿದ್ದೀನಿ. ಮಂಗಳವಾರ ವಿಲ್ನಿಯಸ್‌ನಿಂದ ಮೇಜರ್ ಬರ್ತಾರೆ, ಅವರ ಮುಂದೆ ತಡವರಿಸೋದಕ್ಕಿಂತ ಇದೇ ವಾಸಿ."

"ನಿಮಗೆ ಹಾಕಿದ ನೆನಪಿದೆಯಲ್ಲಾ?"

"ನನ್ನ ನೆನಪನ್ನ ಯಾರಮ್ಮ ನಂಬ್ತಾರೆ? ನಾನೇ ನಂಬಲ್ಲ."

ತೂಕ ಹಾಕಿದೆ, ಮುದ್ರೆ ಒತ್ತಿದೆ, ರಸೀದಿ ಹರಿದು ಕೊಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು "ಥ್ಯಾಂಕ್ಸ್ ಅಮ್ಮ" ಎಂದರು. ನನಗೆ ಥ್ಯಾಂಕ್ಸ್!

ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಒಂದು ಕಾಗದವನ್ನೂ ನಾನು ತಡೆದಿಲ್ಲ. ಇದನ್ನೂ ತಡೆಯಲಿಲ್ಲ. ದಾರಿಯುದ್ದಕ್ಕೂ ಪಕ್ಕದ ಸೀಟಿನ ಮೇಲೆ ಆ ಲಕೋಟೆ ಇತ್ತು. ಕ್ಯಾಪ್ಟನ್ ಮನೆಯ ಮುಂದೆ ಇಳಿದು ಕೊಟ್ಟೆ.

ಸೆಪ್ಟೆಂಬರ್ 22, ಭಾನುವಾರ

ಸತ್ಯ ಹೇಳಿದರೆ ನನ್ನನ್ನು ತೆಗೆಯುತ್ತಾರೆ. ಕಾವಲು ಬಿಟ್ಟು ಹೋದದ್ದಕ್ಕೊಂದು, ಸುಳ್ಳು ಹೇಳಿದ್ದಕ್ಕೊಂದು. ತೆಗೆದರೆ ಭಾನುವಾರ ಎಲ್ಲಿಗೆ ಹೋಗಲಿ? ಇಡೀ ದಿನ ಇದೊಂದೇ ಲೆಕ್ಕ. ಇವತ್ತು ಸೂಪು ಬಡಿಸುವಾಗ ಒಬ್ಬೊಬ್ಬರ ಮುಖವನ್ನೂ ನೋಡಿದೆ. ಜೆನೋನಾಸ್ ಬಂದಿರಲಿಲ್ಲ, ಅವರ ತಟ್ಟೆ ಮಾತ್ರ ಬೋರಲಾಗಿತ್ತು.

ಸೆಪ್ಟೆಂಬರ್ 24, ಮಂಗಳವಾರ

ಆಯಿತು. ಆದದ್ದನ್ನು ಆದಂತೆ ಬರೆಯುತ್ತೇನೆ.

ಹಳೆಯ ಶಾಲೆಯ ಕೋಣೆ. ಮಧ್ಯದಲ್ಲಿ ಮೇಜರ್, ನನಗಿಂತ ಚಿಕ್ಕವಳು, ಮುಂದೆ ಲ್ಯಾಪ್‌ಟಾಪ್. ಒಂದು ಕಡೆ ಕ್ಯಾಪ್ಟನ್ ರಿಮ್ವಿದಾಸ್, ಇಬ್ಬರು ಹವಾಲ್ದಾರರು, ಊರುಗೋಲು ಹಿಡಿದು ವೈದೋತಾಸ್. ಎದುರಿಗೆ ಜೆನೋನಾಸ್, ಇಸ್ತ್ರಿ ಮಾಡಿದ ಸಮವಸ್ತ್ರ, ಹೊಳೆಯುವ ಬೂಟು. ತೆಗೆದುಹಾಕಿಸಿಕೊಳ್ಳಲು ಇಷ್ಟು ಚೆಂದವಾಗಿ ಸಿದ್ಧರಾಗಿ ಬಂದಿದ್ದರು.

ಮೇಜರ್ ಅವರ ಕಾಗದವನ್ನು ಗಟ್ಟಿಯಾಗಿ ಓದಿ "ಇದು ನಿಮ್ದೇ ತಾನೆ?" ಎಂದು ಕೇಳಿದಳು. ಹೌದು ಎಂದರು. "ಸಾಕ್ಷಿ ಹೇಳೋದೇನಾದ್ರೂ ಇದ್ಯಾ?" ಎಂದು ನನ್ನ ಕಡೆ ತಿರುಗಿದಳು, ಇಲ್ಲ ಎನ್ನುತ್ತೇನೆಂದು ಆಗಲೇ ಕಾಗದ ಮಡಚುತ್ತಿದ್ದಳು.

"ಬ್ಯಾಟರಿ ಚೆನ್ನಾಗಿತ್ತು" ಎಂದೆ. "ನಾನಿರ್ಲಿಲ್ಲ."

ಮೇಜರ್ ಮಡಚಿದ ಕಾಗದವನ್ನು ಮತ್ತೆ ಬಿಡಿಸಿದಳು.

"ಎಲ್ಲಿದ್ರಿ?"

"ಅಣಬೆ ಕೊಯ್ಯೋಕೆ ಹೋಗಿದ್ದೆ. ನಲವತ್ತು ನಿಮಿಷ. ಜೆನೋನಾಸ್ ಅವರ ತಪ್ಪು ಒಂದು ಚೂರೂ ಇಲ್ಲ. ಅವರ ಪುಸ್ತಕದಲ್ಲಿರೋದೆಲ್ಲ ಸರಿ, ತಲೇಲಿರೋದೂ ಸರಿ."

ಮೇಜರ್ ಮೇಜಿನ ಮೇಲೆ ನಕ್ಷೆ ಹರಡಿದಳು. "ಸರಿಯಾದ ಜಾಗ ತೋರಿಸಿ. ದೂರ ಎಷ್ಟು ಅಂತ ದಾಖಲಾಗ್ಬೇಕು."

ಎದ್ದು ನಕ್ಷೆಯ ಹತ್ತಿರ ಹೋದೆ. ಗುಡ್ಡ ಕಂಡಿತು, ತೊರೆ ಕಂಡಿತು. ಬೆರಳು ಏಳಲಿಲ್ಲ. ನಗೆಪಾಟಲು ಎಂದು ಗೊತ್ತು. ಸಮವಸ್ತ್ರ, ಮಾನ, ಎಲ್ಲ ಹೋಗುವಾಗ ಅಳುಕದವಳು ನಾಲ್ಕು ಅಣಬೆಯ ಜಾಗಕ್ಕೆ ಅಳುಕಿ ನಿಂತೆ. ಅಮ್ಮ ಎದುರಿಗೇ ನಿಂತ ಹಾಗಾಯಿತು.

ಆಗ ಕುರ್ಚಿ ಸರಿದ ಸದ್ದು. ಕ್ಯಾಪ್ಟನ್ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತ. ಅವನ ಹಿಂದೆ ಹವಾಲ್ದಾರರಿಬ್ಬರೂ ಎದ್ದು ತಿರುಗಿದರು. ವೈದೋತಾಸ್ ಊರುಗೋಲನ್ನು ಟಕ್ ಟಕ್ ಎನ್ನಿಸುತ್ತ ಕಷ್ಟಪಟ್ಟು ಕಿಟಕಿಯ ಕಡೆ ತಿರುಗಿದ.

"ಎಲ್ರೂ ಯಾಕ್ರೀ ಎದ್ರಿ? ಏನಿದು ನಾಟ್ಕ?" ಎಂದಳು ಮೇಜರ್.

"ಅವರು ತೋರಿಸ್ಲಿ ಮೇಡಂ" ಎಂದ ಕ್ಯಾಪ್ಟನ್, ಗೋಡೆಗೆ. "ನಾವು ನೋಡಲ್ಲ."

ಜೆನೋನಾಸ್ ಮಾತ್ರ ತಿರುಗಲಿಲ್ಲ. ಅವರಿಗೆ ಈ ಮರ್ಯಾದೆ ಗೊತ್ತಿಲ್ಲ, ಯಾರು ಕಲಿಸಿದ್ದಾರೆ? ಆದರೆ ಅವರು ನಕ್ಷೆಯನ್ನೂ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

ನಾನು ಬೆರಳಿಟ್ಟೆ.

ಹೊರಗೆ ಮೆಟ್ಟಿಲ ಹತ್ತಿರ ಅವರು ಸಿಕ್ಕರು. ಕ್ಷಮಿಸಿ ಎಂದೆ. ಟೋಪಿಯನ್ನು ಕೈಯಲ್ಲಿ ತಿರುಗಿಸಿದರು.

"ದಿನಾ ಬೆಳಗ್ಗೆ ಎದ್ದು ಮೊದ್ಲು ತೇಕ್ಲೆ ಹೆಸ್ರು ಹೇಳ್ಕೊಂಡು ನೋಡ್ತಿದ್ದೆ. ಇನ್ನೂ ನೆನಪಿದ್ಯಾ ಅಂತ. ಒಂದು ತಿಂಗ್ಳು."

ಅಷ್ಟೇ ಹೇಳಿ ಹೊರಟುಹೋದರು.

ಅಕ್ಟೋಬರ್ 4, ಶುಕ್ರವಾರ

ಆದೇಶ ಬಂತು. ರಿಜಿಸ್ಟರ್ಡ್. ನನ್ನ ಹೆಸರಿನ ಕಾಗದವನ್ನು ನಾನೇ ವ್ಯಾನಿನಲ್ಲಿ ತಂದು, ನನ್ನ ಮನೆಯ ಮುಂದೆ ನಿಲ್ಲಿಸಿ, ಪಡೆದವರು ಎಂಬಲ್ಲಿ ಒಂದು ಸಹಿ, ತಲುಪಿಸಿದವರು ಎಂಬಲ್ಲಿ ಒಂದು ಸಹಿ ಹಾಕಿದೆ. ನಗು ಬಂತು. ಜೊತೆಗೆ ನಗಲು ಯಾರೂ ಇರಲಿಲ್ಲ.

ದುರ್ನಡತೆಯ ಕಾರಣಕ್ಕೆ ಮೀಸಲು ಪಡೆಯಿಂದ ತೆಗೆದುಹಾಕಲಾಗಿದೆ, ಮತ್ತೆ ಸೇರುವಂತಿಲ್ಲ. ತಾರೀಖು, ಗಂಟೆ, ನಿಮಿಷ, ವೈದೋತಾಸ್‌ನ ಕಾಲು, ಎಲ್ಲ ಇದೆ. ಜಾಗದ ಮುಂದೆ "ಕಾವಲಿನಿಂದ ಮುನ್ನೂರು ಹೆಜ್ಜೆ ದೂರದ ಕಾಡು" ಎಂದಿದೆ. ಯಾವ ದಿಕ್ಕಿಗೆ ಎಂದು ಎಲ್ಲಿಯೂ ಇಲ್ಲ. ಕೆಳಗೆ ಕ್ಯಾಪ್ಟನ್ ಸಹಿ. ಮೂರು ಸಲ ಓದಿದೆ.

ಅಕ್ಟೋಬರ್ 5, ಶನಿವಾರ

ಸಮವಸ್ತ್ರ ಹಿಂದಿರುಗಿಸಿದೆ. ಕ್ಯಾಪ್ಟನ್ ತಾನೇ ಬಂದಿದ್ದ. ಒಂದೊಂದೇ ತೆಗೆದು ಪಟ್ಟಿಯಲ್ಲಿ ಗೀಟು ಹಾಕಿದ. ಗ್ಯಾಸ್ ಮಾಸ್ಕ್ ಚೀಲವನ್ನು ಮೂಗಿನ ಹತ್ತಿರ ಹಿಡಿದು, "ಎರಡು ಸಲ ಒಗ್ದಿದ್ದೀಯ ಅಲ್ವಾ?" ಎಂದ.

"ಮೂರು ಸಲ."

"ಅಣಬೆ ವಾಸನೆ ಹೋಗಲ್ಲ ಬಿಡಕ್ಕ. ನಮ್ಮಮ್ಮನ ಏಪ್ರನ್ನಿಂದ ಸಾಯೋವರೆಗೂ ಹೋಗ್ಲಿಲ್ಲ." ಆಮೇಲೆ ತಲೆ ತಗ್ಗಿಸಿ, "ಬೇರೆ ದಾರಿ ಇರ್ಲಿಲ್ಲ ಅಕ್ಕಾ" ಎಂದ.

"ಇರ್ಲೂಬಾರ್ದು" ಎಂದೆ. ನಿಜಕ್ಕೂ ಹಾಗೇ ಅನ್ನಿಸಿತು.

ಅಕ್ಟೋಬರ್ 6, ಭಾನುವಾರ

ಬಟಾಣಿ ಸೂಪು ಮಾಡಿದೆ. ಒಬ್ಬಳಿಗೆ ಎಷ್ಟು ಹಾಕಬೇಕೆಂದು ಗೊತ್ತಾಗಲಿಲ್ಲ, ಬುಧವಾರದವರೆಗೆ ಆಗುವಷ್ಟಿದೆ.

ಅಕ್ಟೋಬರ್ 9, ಬುಧವಾರ

ಜೆನೋನಾಸ್ ಬಾಗಿಲು ತೆರೆಯುವುದಿಲ್ಲ. ಪರದೆ ಅಲ್ಲಾಡುವುದು ಕಾಣುತ್ತದೆ. ಟಪಾಲು ಪೆಟ್ಟಿಗೆಗೆ ಹಾಕಿ ಬರುತ್ತೇನೆ. ಅವರನ್ನು ದೂರುವುದಿಲ್ಲ.

ಇವತ್ತು ಮೊದಲು ಸ್ಮಶಾನಕ್ಕೆ ಹೋಗಿ ಅಮ್ಮನ ಕಲ್ಲಿನ ಮೇಲಿನ ಎಲೆ ಗುಡಿಸಿದೆ. "ಗಂಡನಿಗೂ ಹೇಳ್ಲಿಲ್ಲ, ಪಾದ್ರಿಗೂ ಹೇಳ್ಲಿಲ್ಲ. ಜೆನೋನಾಸ್ ಹೆಸ್ರು ನೀನು ಹೇಳಿರ್ಲಿಲ್ಲ" ಎಂದೆ. ಮೊಂಡು ವಾದ. ಅಮ್ಮ ಬದುಕಿದ್ದರೆ ಸೌಟಿನಲ್ಲಿ ಬಡಿಯುತ್ತಿದ್ದಳು. ಆಮೇಲೆ ಒಂದು ಕಾಗದದ ಮೇಲೆ ದಾರಿ ಬರೆದೆ: ಎಲ್ಲಿ ಬಸ್ಸು ಇಳಿಯಬೇಕು, ಯಾವ ತಿರುವು, ಯಾವ ಮರ. ಹೆಸರು ಹಾಕಲಿಲ್ಲ. ಬಿಲ್ಲುಗಳ ನಡುವೆ ಸೇರಿಸಿ ಅವರ ಪೆಟ್ಟಿಗೆಗೆ ಹಾಕಿದೆ.

ಅಕ್ಟೋಬರ್ 13, ಭಾನುವಾರ

ಮನೆಯಲ್ಲಿ ಕೂರಲಾಗದೆ ಕಾಡಿಗೆ ಹೋದೆ.

ತಿರುವಿನ ಬರ್ಚ್ ಮರದ ಹತ್ತಿರ ಬಂದು ನಿಂತುಬಿಟ್ಟೆ. ಬಿಳಿ ತೊಗಟೆಯ ಮೇಲೆ ಕೆಂಪು ಉಗುರುಬಣ್ಣದಲ್ಲಿ "1". ಮುಂದಿನ ಮರದ ಮೇಲೆ "2". ಹೀಗೇ ಜಾಗದವರೆಗೂ, ಒಟ್ಟು ಏಳು. ಅಜ್ಜಿ, ಅಮ್ಮ, ನಾನು ಎಂಬತ್ತು ವರ್ಷ ಉಸಿರು ಬಿಡದೆ ಕಾಪಾಡಿದ ದಾರಿಗೆ ಬಸ್ ನಿಲ್ದಾಣದ ಹಾಗೆ ಸಂಖ್ಯೆ ಬರೆದಿದ್ದಾರೆ! ಪುಣ್ಯಾತ್ಮ ಅಣಬೆಯನ್ನು ಕತ್ತರಿಸದೆ ಬೇರು ಸಮೇತ ಕಿತ್ತಿದ್ದಾರೆ, ಪಾಚಿಯಲ್ಲಿ ನಾಲ್ಕು ಗುಂಡಿ ಬಾಯಿಬಿಟ್ಟುಕೊಂಡಿವೆ. ನಾಲ್ಕೇ ನಾಲ್ಕು. ಉಳಿದದ್ದನ್ನು ಮುಟ್ಟಿಲ್ಲ.

ಬಾಯಿಗೆ ಬಂದಂತೆ ಬೈದುಕೊಂಡು ಚಾಕು ತೆಗೆದೆ, ಬಣ್ಣವನ್ನು ಕೆರೆದು ಹಾಕಲು. ಏಳನೆಯ ಮರದ ಮುಂದೆ ನಿಂತಾಗ ಹೊಳೆಯಿತು. ಏಳು ತಿರುವನ್ನು ಯಾರು ಮರೆಯುತ್ತಾರೆ? ಮೂವತ್ತು ಬ್ಯಾಟರಿಯ ಚರಿತ್ರೆಯನ್ನು ಬಾಯಿಪಾಠ ಹೇಳುವ ಮನುಷ್ಯ. ಅವರು ತಮ್ಮ ತಲೆಯನ್ನು ಇನ್ನೂ ನಂಬಿಲ್ಲ. ಆ ನಂಬಿಕೆಯನ್ನು ಕೆಡಿಸಿದವಳು ನಾನು, ಒಂದು ಆದೇಶದಿಂದ ಅದು ಹಿಂದಿರುಗುವುದಿಲ್ಲ.

ಚಾಕು ಮಡಚಿದೆ. ಮೊಣಕಾಲೂರಿ ಕುಳಿತು ನಾಲ್ಕು ಗುಂಡಿಗೂ ಪಾಚಿ ಮುಚ್ಚಿ ಅಂಗೈಯಿಂದ ಒತ್ತಿದೆ. ಬಣ್ಣವನ್ನು ಹಾಗೇ ಬಿಟ್ಟು ಬಂದೆ. ನೋಡಿದವರು ನೋಡಿಕೊಳ್ಳಲಿ.

ನಾಳೆ ಅವರ ಮನೆಗೆ ಹೋಗಬೇಕು. ಕೀಳಬಾರದು, ಕತ್ತರಿಸಬೇಕು, ಪಾಚಿ ಮುಚ್ಚಬೇಕು ಎಂದು ಹೇಳಬೇಕು. ಸಂಖ್ಯೆ ಬೇಡ ಎನಿಸುವವರೆಗೂ ಭಾನುವಾರ ಭಾನುವಾರ ಜೊತೆಗೆ ನಾನೇ ಬರುತ್ತೇನೆ, ನೀವು ಮುಂದೆ ನಡೆಯಿರಿ, ನಾನು ಹಿಂದೆ ಬಾಯಿಮುಚ್ಚಿಕೊಂಡು ಬರುತ್ತೇನೆ ಎಂದು ಹೇಳಬೇಕು. ಬಾಗಿಲು ತೆರೆಯುತ್ತಾರೋ ಇಲ್ಲವೋ. ನಾಳೆಯ ಚೀಲವನ್ನು ಆಗಲೇ ವಿಂಗಡಿಸಿಟ್ಟಿದ್ದೇನೆ, ಎರಡು ಸಲ ಹುಡುಕಿದೆ, ಅವರ ಹೆಸರಿಗೆ ಒಂದು ಕಾಗದವೂ ಇಲ್ಲ. ಆದರೂ ಬಾಗಿಲು ಬಡಿಯುತ್ತೇನೆ.